ಯಾರೂ ಕೊಳ್ಳದ ಟಿಕೆಟ್ಟು

ಅಂಟಾನನರಿವೋದಲ್ಲಿ, ಅನಲಕೇಲಿ ಸಂತೆಯಿಂದ ಮೇಲಕ್ಕೆ
ಕಲ್ಲಿನ ಮೆಟ್ಟಿಲು ಹತ್ತಿ ಏದುಸಿರು ಬಿಡುವಲ್ಲಿ ನಮ್ಮ ಅಂಗಡಿ.
ಒಂದು ಮೇಜು, ಒಂದು ಪರದೆ, ತಲೆ ಅಲ್ಲಾಡಿಸುವ ಫ್ಯಾನು,
ಗೋಡೆಯಲ್ಲಿ ಬಿಸಿಲಿಗೆ ಬಿಳಿಚಿಕೊಂಡ ಭೂಪಟ.
ಇಪ್ಪತ್ತು ವರ್ಷದಿಂದ ಟಿಕೆಟ್ಟು ಮಾರುತ್ತೇನೆ.
ವಿಮಾನ ಹತ್ತಿಲ್ಲ.
ಯಾರೂ ಕೇಳಿಯೂ ಇಲ್ಲ.

ಅನೋಸಿ ಕೆರೆಯ ಸುತ್ತ ಜಕರಂಡ ಉದುರುವ ತಿಂಗಳು
ಬಂದಳು ಸಾಹೊಂದ್ರ, ರಾಫಿಯಾ ನಾರಿನ ಚೀಲ ಹೆಣೆಯುವವಳು.
ಬೆರಳ ತುದಿಗಳೆಲ್ಲ ಸೀಳು.
ಜಿಪ್ಪು, ಬಕಲು, ಹಿತ್ತಾಳೆಯ ಕೊಂಡಿ ತರಲು
ಗುವಾಂಗ್‌ಝೋಗೆ ಹೋಗಬೇಕಂತೆ.

ಪರದೆ ಅವಳತ್ತ ತಿರುಗಿಸಿದೆ.
ಮಾರಿಷಸ್ ಮೇಲೆ ಹೋದರೆ ಬೇಗ, ದುಬಾರಿ.
ನೈರೋಬಿ ಮೇಲೆ ಹೋದರೆ ಅಗ್ಗ, ಆದರೆ ಎರಡು ಕಡೆ ಇಳಿದು ಹತ್ತಬೇಕು,
ಪೆಟ್ಟಿಗೆ ನಿಮ್ಮ ಹಿಂದೆಯೇ ಬರುತ್ತದೆಂಬ ಭರವಸೆ ನಾನು ಕೊಡಲಾರೆ.
ಕಾಸಿಗೆ ತಕ್ಕ ಕಜ್ಜಾಯ, ಎಂದೆ.
ಅವಳು ನಗಲಿಲ್ಲ. ಬೆರಳು ಜಾರಿಸುತ್ತ ಕೆಳಗೆ, ಇನ್ನೂ ಕೆಳಗೆ,
ಪಟ್ಟಿಯ ತಳದಲ್ಲಿ ಗಸಿಯಂತೆ ಕೂತ ಸಾಲಿಗೆ ಬಂದಳು:
ಅಡಿಸ್ ಅಬಾಬ. ರಾತ್ರಿ ಎಂಟೂ ನಲವತ್ತಕ್ಕೆ ಇಳಿಯುವುದು.
ಮರುದಿನ ಹನ್ನೊಂದೂ ಕಾಲಿಗೆ ಹೊರಡುವುದು.

ಅದು ಬೇಡಮ್ಮ, ಎಂದೆ. ಅದನ್ನು ಯಾರೂ ಕೊಳ್ಳುವುದಿಲ್ಲ.
ರಾತ್ರಿಯಿಡೀ ಕಬ್ಬಿಣದ ಕುರ್ಚಿ. ಕೈಯಿಟ್ಟ ಕಡೆ ತಣ್ಣಗೆ.

ಅವಳು ಕುಪ್ಪಸದಿಂದ ಚೀಟಿ ತೆಗೆದಳು, ಎಂಟು ಮಡಿಕೆ.
ತಾಹಿನ, ತಮ್ಮ. ಅಬಿಜಾನಿನ ಬಂದರಿನಲ್ಲಿ ಬೆಸುಗೆ ಹಾಕುವವನು.
ಆರು ವರ್ಷವಾಯಿತು. ಈಗ ಕಂಪನಿ ದುಬೈಗೆ ಕಳಿಸುತ್ತಿದೆ,
ನಡುವೆ ಊರಿಗೆ ಹೋಗಿಬಾ ಅಂದಿಲ್ಲ.
ಅವನ ವಿಮಾನ ಅಡಿಸ್‌ಗೆ ಇಳಿಯುವುದು ಬೆಳಗ್ಗೆ ಐದೂ ಐವತ್ತು,
ಏಳುವುದು ಹತ್ತೂ ಇಪ್ಪತ್ತು.

ನಾಲ್ಕೂವರೆ ಗಂಟೆ, ಎಂದಳು.
ಎಷ್ಟು ದಿನದಿಂದ ಆ ಲೆಕ್ಕ ಬಾಯಲ್ಲಿಟ್ಟುಕೊಂಡಿದ್ದಳೋ.

ನನ್ನ ಕೆಲಸ ಕಳೆಯುವುದು. ಕಳೆದೆ:
ತಪಾಸಣೆಯ ಸಾಲಿಗೆ ಮುಕ್ಕಾಲು ಗಂಟೆ,
ಈ ಬಾಗಿಲಿಂದ ಆ ಬಾಗಿಲಿಗೆ ನಡಿಗೆ,
ಹತ್ತಲು ಕರೆಯುವುದು ಒಂದು ಗಂಟೆ ಮೊದಲೇ.
ಅಲ್ಲಿ ಹೊತ್ತು ಕೇಳುವಾಗ ಎಚ್ಚರ,
ನಮ್ಮ ಬೆಳಗಿನ ಆರಕ್ಕೆ ಅವರು ಹನ್ನೆರಡು ಅನ್ನುತ್ತಾರೆ.
ಕೊನೆಗೆ ಎರಡೂವರೆ ಗಂಟೆ ಉಳಿಯಿತು ಮೇಜಿನ ಮೇಲೆ,
ಚಿಲ್ಲರೆಯ ಹಾಗೆ.

ಸಾಕು, ಎಂದಳು.
ಕೋಬಾ ಒಳಗೆ ಬಿಡುತ್ತಾರೆಯೇ? ಶೇಂಗಾ, ಬಾಳೆಹಣ್ಣು,
ಎಲೆಯಲ್ಲೇ ಸುತ್ತಿ ಬೇಯಿಸಿದ್ದು, ದ್ರವವಲ್ಲ.
ಸೀದ ಅನ್ನದ ನೀರು ಅವನಿಗಿಷ್ಟ. ಅದು ಬಿಡುವುದಿಲ್ಲ, ಗೊತ್ತು.

ಹಣ ಎಣಿಸಿದಳು. ನೋಟುಗಳಿಗೆ ನಾರಿನ ವಾಸನೆ.

ಹನ್ನೊಂದು ದಿನ ಕಳೆದು ಸಂದೇಶ ಬಂತು:
ವೇಳಾಪಟ್ಟಿ ಬದಲಾಗಿದೆ. ತೊಂದರೆಗೆ ವಿಷಾದಿಸುತ್ತೇವೆ.
ಗುವಾಂಗ್‌ಝೋ ವಿಮಾನ ಈಗ ಎಂಟೂವರೆಗೇ.
ಪ್ರಯಾಣಿಕರ ಕಾಯುವ ಅವಧಿ ಕಡಿಮೆಯಾಗಿದೆ
ಎಂದು ಯಾರೋ ಹೆಮ್ಮೆಯಿಂದ ಬರೆದಿದ್ದರು.

ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ.
ಸಂತೆಗಿಳಿದು, ಚೀಲಗಳ ನಡುವೆ ಕೂತವಳಿಗೆ ಹೇಳಿದೆ.
ಅವಳ ಕೈ ನಿಂತಿತು. ಒಂದು ಎಳೆ ಬಿಚ್ಚಿಕೊಂಡಿತು.
ಎಷ್ಟು ಉಳಿಯಿತು?
ನಲವತ್ತು ನಿಮಿಷ, ಎಲ್ಲ ಸರಿಹೋದರೆ.
ರದ್ದು ಮಾಡಿದರೆ ಪೂರ್ತಿ ಹಣ ವಾಪಸು, ತಪ್ಪು ಅವರದ್ದೇ.

ಅವಳು ಎಳೆಯನ್ನು ಹಲ್ಲಲ್ಲಿ ಹಿಡಿದು ಮತ್ತೆ ಬಿಗಿದಳು.
ತಾಹಿನ ಬೇಗ ತಿನ್ನುತ್ತಾನೆ, ಎಂದಳು.
ಚಿಕ್ಕಂದಿನಿಂದಲೂ. ಅದಕ್ಕೇ ಬೈಯುತ್ತಿದ್ದೆ.

ಮೆಟ್ಟಿಲು ಹತ್ತಲು ತಿರುಗಿದವನು ನೆನಪಾಗಿ ಕೇಳಿದೆ:
ಹಿಂದಿರುಗುವ ಟಿಕೆಟ್ಟು ಇನ್ನೂ ಮಾಡಿಸಿಲ್ಲ. ಮೂರು ದಾರಿ ಇವೆ,
ಬಂದು ನೋಡುತ್ತೀರಾ?

ಅದೇನು ನೋಡುವುದು, ಎಂದಳು,
ಯಾವುದಾದರೂ ಒಂದು ಹಾಕಿಬಿಡಿ.