ಬೆನ್ನು ತೋರಿಸಿದವನು

ಟಿಕೆಟ್ ಕೊಂಡವರಿಗೆ ಕಾಣುವುದು ಅವನ ಬೆನ್ನು:
ಕರಿ ಕೋಟು, ಎಡ ಕಂಕುಳಲ್ಲಿ ಬಿಟ್ಟ ಹೊಲಿಗೆ,
ಕುತ್ತಿಗೆಯ ಹಿಂದೆ ಎರಡು ಮಡಿಕೆ.
ಮುಖ ಮಾತ್ರ ನಮ್ಮ ಪಾಲು, ನಲವತ್ತೊಂದು ಜನರಿಗೆ ಒಂದು.
ನಾನು ಆಲ್ಟೊ. ಎರಡನೇ ಸಾಲು, ಎಡದಿಂದ ಮೂರನೆಯವಳು.
ಹಗಲು ಕ್ಲಿನಿಕ್ಕಿನಲ್ಲಿ ಕೂಸುಗಳಿಗೆ ಸೂಜಿ ಚುಚ್ಚಿ ಅಳಿಸುತ್ತೇನೆ,
ಮಂಗಳವಾರ, ಗುರುವಾರ ಸಂಜೆ
ಅವನೆದುರು ಬಾಯಿ ತೆರೆಯುತ್ತೇನೆ.

ಲುಂಗೀಸ ಮಾಕುಬೇಲ, ಟೆನರ್.
ಹತ್ತೊಂಬತ್ತು ವರ್ಷ ಜರ್ಮನಿಯ ರಂಗಮಂದಿರದಲ್ಲಿ
ಮೂರನೇ ಕಾವಲುಗಾರ, ಕಾಗದ ತರುವ ದೂತ,
ಎರಡನೇ ಅಂಕಕ್ಕೇ ಸಾಯುವ ಸೋದರಮಾವ.
ಒಂದೇ ಒಂದು ರಾತ್ರಿ, ನಾಯಕನಿಗೆ ಜ್ವರ ಬಂದು,
ಅವನ ಅಂಗಿಯಲ್ಲಿ, ಅವನ ಬೂಟಿನಲ್ಲಿ ಇವನೇ ನಾಯಕ.
ಆ ರಾತ್ರಿ ಹೇಗಿತ್ತೆಂದು ಕೇಳಿದರೆ ಬೂಟಿನ ಕಥೆ ಹೇಳುತ್ತಾನೆ:
ಒಂದು ನಂಬರು ಚಿಕ್ಕದಿತ್ತು,
ಮೇಲಿನ ಸ್ವರ ಹತ್ತುವಾಗ ಹೆಬ್ಬೆರಳು ಮಡಚಿಕೊಂಡಿದ್ದೆ.
ಸ್ವರ ಬಂತೇ?
ಬಂತು. ಹೋಯಿತು.

ಅವನು ಕ್ವಾಝಾಖೇಲೆಗೆ ಮರಳಿದಾಗ
ಬೀದಿ ಅಂದಿತು, ನೋಡಿ, ಬೆನ್ನು ತೋರಿಸಿ ಬಂದ.
ಬಂದವನು ಮಾಡಿದ್ದೂ ಅದನ್ನೇ.
ಸಭೆಗೆ ಬೆನ್ನು ಹಾಕಿ, ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು,
ಕಿವಿಗೆ ಹಿಡಿದು, ನಮ್ಮತ್ತ ಒಂದು ಗುನುಗು ಎಸೆದ.

ನಮಗೆ ಗೆರೆಗಳ ಮೇಲಿನ ಸ್ವರ ಓದಲು ಬರದು.
ಅಜ್ಜಿಯರ ಕಾಲದ ದೊ ರೆ ಮಿ ಅಕ್ಷರ ನಮ್ಮದು,
ಚಹಾದ ಕಲೆಯ ಸಮೇತ ನಕಲಾದ ಹಾಳೆ.
ಈ ಬರಹದಲ್ಲಿ ದೊ ಯಾವ ಗುಡ್ಡದ ಮೇಲೂ ಮನೆ ಕಟ್ಟುತ್ತದೆ;
ಎಲ್ಲಿ ನಿಂತೆವೋ ಅದೇ ನೆಲ.
ಅವನು ಅದನ್ನು ಮರೆತಿದ್ದ.
ನಾವು ಕಲಿಸಿದೆವು, ಹಣ ಕೇಳದೆ.

ಟೈರು ಕಾರ್ಖಾನೆಯಿಂದ ನೇರ ಬರುವ ಬಾಸುಗಳ ಉಸಿರಲ್ಲಿ ರಬ್ಬರು.
ಟೆನರ್ ಸಾಲಿನ ಕೊನೆಗೆ ಅಯಬೊಂಗ,
ಮೀಸೆ ಇನ್ನೂ ಮನಸ್ಸು ಮಾಡದ ಹುಡುಗ.
ಅವನು ಮೇಲೆ ಹತ್ತಿದಾಗ
ಲುಂಗೀಸನ ಬಾಯಿ ಮುಚ್ಚಿಯೇ ಇರುತ್ತದೆ,
ಗಂಟಲಮಣಿ ಮಾತ್ರ ಏರುತ್ತದೆ,
ತುತ್ತಿಲ್ಲದೆ ನುಂಗಿದವನಂತೆ.
ಇದನ್ನು ನಾವು ನೋಡುತ್ತೇವೆ. ನೋಡಿಲ್ಲವೆಂಬಂತೆ ಹಾಡುತ್ತೇವೆ.

ಈಸ್ಟ್ ಲಂಡನ್ನಿನ ಸ್ಪರ್ಧೆ. ನಾಲ್ಕನೇ ಪುಟ ಮುಗಿದು
ಎಲ್ಲರೂ ಒಮ್ಮೆಗೇ ನಿಲ್ಲುವ ಆ ಮೌನದಲ್ಲಿ
ಕರೆಂಟು ಹೋಯಿತು.
ಸರದಿಯ ಕತ್ತಲೆ, ಎರಡು ತಾಸಿನದು; ವೇಳಾಪಟ್ಟಿ ತಪ್ಪಿತ್ತು, ಅಷ್ಟೆ.
ಕೈ ಕಾಣದು, ಕೋಟು ಕಾಣದು,
ತೀರ್ಪುಗಾರರ ಮೇಜಿನಲ್ಲಿ ಪೆನ್ನು ಉರುಳಿದ ಸದ್ದು.
ಈಗ ಹಾಡುತ್ತಾನೆ ಅಂದುಕೊಂಡೆ,
ದಾರಿ ತೋರಿಸಲಿಕ್ಕಾದರೂ
ಆ ಹತ್ತೊಂಬತ್ತು ವರ್ಷಗಳನ್ನು ಹೊರತೆಗೆಯುತ್ತಾನೆ.

ಹಾಡಲಿಲ್ಲ.
ಉಸಿರೆಳೆದುಕೊಂಡ.
ಕೊನೆಯ ಬೆಂಚಿಗೂ ಕೇಳುವಷ್ಟು ದೊಡ್ಡದಾಗಿ,
ನೀರಿಗೆ ಧುಮುಕುವವನು ಎಳೆಯುವಷ್ಟು.
ಆ ಉಸಿರಿಗೆ ಒಂದು ವೇಗವಿತ್ತು, ಒಂದು ತೂಕ,
ಬರಲಿರುವ ಅಕ್ಷರದ ಆಕಾರವೂ ಇತ್ತು.
ಅವನೆಳೆದ ಗಾಳಿಯನ್ನು ನಲವತ್ತೊಂದು ಬಾಯಿ ಹೊರಬಿಟ್ಟವು,
ಒಟ್ಟಿಗೆ.

ಎರಡನೇ ಬಹುಮಾನ.
ಸೊಪ್ರಾನೊಗಳು ಅತ್ತರು, ಅವರು ಯಾವಾಗಲೂ ಅಳುತ್ತಾರೆ.
ಬಸ್ಸಿನಲ್ಲಿ ಅವನು ಹೇಳಿದ್ದು ಇಷ್ಟು:
ಐದನೇ ಪುಟದಲ್ಲಿ ಆಲ್ಟೊ ಕೂದಲೆಳೆಯಷ್ಟು ಇಳಿದಿತ್ತು.
ಇಳಿದಿತ್ತು. ನನಗೆ ಗೊತ್ತು.

ಆಮೇಲೆ ಹಿಂದಿನ ಸೀಟಿಗೆ ಹೋಗಿ
ನಿದ್ದೆ ಹೋಗಿದ್ದ ಅಯಬೊಂಗನನ್ನು ತಟ್ಟಿ ಎಬ್ಬಿಸಿದ.
ಕೇಪ್ ಟೌನಿನಲ್ಲಿ ಮುಂದಿನ ತಿಂಗಳು ಹುಡುಗನ ಧ್ವನಿಪರೀಕ್ಷೆ.
ಉಸಿರಿನ ಬಗ್ಗೆ ಏನೋ ಹೇಳುತ್ತಾನೆಂದು ಕಿವಿಗೊಟ್ಟೆ.
ಅವನು ಜೇಬಿನಿಂದ ಪೆನ್ಸಿಲು ತೆಗೆದು,
ಸ್ವರದ ಹಾಳೆಯನ್ನೇ ಬಸ್ಸಿನ ನೆಲದ ಮೇಲೆ ಹಾಸಿ,
ಕಾಲಿಡು, ಅಂದ.
ಇನ್ನೂ ಊರಿ ಇಡು.
ಬೆರಳು ಬಿಡಿಸು.