ಸೂಜಿ ಹೆಣ್ಣು, ದಾರ ಗಂಡು

ಯುಗಾದಿಗೆ ವಾರವಿತ್ತು, ನಲವತ್ತು ಪ್ಯಾಂಟು ವಾಪಸ್ ಬಂದವು.
ಸೊಂಟಪಟ್ಟಿಯ ಒಳಗಿನ ಚೀಟಿಗೆ ಎರಡು ಮುಖ:
ಒಂದರಲ್ಲಿ ಇಂಗ್ಲಿಷು, ಇನ್ನೊಂದರಲ್ಲಿ ಇನ್ನೊಂದು.
ಇನ್ನೊಂದು ಮೇಲೆ ಬರಬೇಕಿತ್ತು.
“ಸುಂಕಮ್ಮಾ, ಓದಾಕ್ ಬರಲ್ಲೇನು ನಿಂಗೆ?”
ಬರುತ್ತದೆ. ಕನ್ನಡ ಬರುತ್ತದೆ, ಸಿನಿಮಾ ಪೋಸ್ಟರಿನ ತೆಲುಗು ಬರುತ್ತದೆ,
ಎಬಿಸಿಡಿಯೂ ಬರುತ್ತದೆ. ಆದರೆ ಒಂದೇ ಎಬಿಸಿಡಿಯನ್ನು
ಎರಡು ಭಾಷೆ ತೊಟ್ಟುಕೊಂಡು ತಿರುಗುತ್ತವೆ ಎಂದು
ಕೌಲ್ ಬಜಾರಿನಲ್ಲಿ ಯಾರು ಹೇಳಿದ್ದರು ನನಗೆ?

ಬಿಚ್ಚಿದೆ, ಮತ್ತೆ ಹೊಲಿದೆ, ರಾತ್ರಿ ಹತ್ತಾಯಿತು.
ಮರುದಿನ ಫೋನಿನಲ್ಲಿ ಪಾಠ ಒಂದು.

ಮೊದಲು ಗೊತ್ತಾದದ್ದು: ಅವರು ‘ಹ’ ಬರೆಯುತ್ತಾರೆ, ನುಡಿಯುವುದಿಲ್ಲ.
ದಾರಕ್ಕೆ ಈಲೊ, ಹಸಿವಿಗೆ ಆಂಬ್ರೆ,
ಮಾತಾಡುತ್ತೇನೆ ಅನ್ನಲು ಆಬ್ಲೊ.
ಸಂಡೂರು ಕಡೆಯ ಶಾಲೆಯಲ್ಲಿ ಹಾಲಿಗೆ ಆಲು ಅಂದೆನೆಂದು
ಬೆರಳ ಗೆಣ್ಣಿಗೆ ಸ್ಕೇಲಿನ ಅಂಚಲ್ಲಿ ಬಿದ್ದಿತ್ತು.
ಒಂದು ದೇಶವೇ ಹಾಗೆ ಮಾತಾಡುತ್ತದಂತೆ, ಮೇಷ್ಟ್ರೆ.

ಆಮೇಲೆ ಗಂಡು ಹೆಣ್ಣು.
ನನ್ನ ಸೂಜಿ ಇಷ್ಟು ದಿನ ಬರೀ ‘ಅದು’.
ಲಾ ಅಗೂಹಾ, ಹೆಣ್ಣಂತೆ. ಎಲ್ ಈಲೊ, ಗಂಡಂತೆ.
ಪಕ್ಕದ ಮಿಶಿನ್ನಿನ ಮೈಮೂನಾ ಫೋನು ನೋಡದೆಯೇ ಹೇಳುತ್ತಾಳೆ:
“ಸೂಯಿ ಟೂಟ್ತೀ, ಧಾಗಾ ಟೂಟ್ತಾ, ಇದ್ರಾಗೇನೈತಿ ಕಲಿಯಾದು?”
ಕತ್ತರಿ? ಹೆಣ್ಣು. ಸರಿ. ಗುಂಡಿ? ಗಂಡು. ಸರಿ.
ಅಂಗಿಗೆ ಕಮೀಸಾ ಅಂದಾಗ
ಖಮೀಸ್ ನಮ್ದು, ಯಾವಾಗ ಒಯ್ದ್ರು ಎಂದು ನಕ್ಕಳು.
ಜೇಬಿನ ಹತ್ತಿರ ಮಾತ್ರ ಸೋತಳು. ಅಲ್ಲಿ ಜೇಬು ಗಂಡು.
“ಅಲ್ಲೂ ಗಂಡಸರ ಹತ್ರಾನೇ ರೊಕ್ಕ ಇರತೈತೇನು?”
ಊಟದ ಡಬ್ಬಿ ಮುಚ್ಚುವವರೆಗೂ ಸಿಟ್ಟು.

ಇರುವುದಕ್ಕೆ ಅವರಲ್ಲಿ ಎರಡು ಮಾತು.
ಉಳಿಯುವುದಕ್ಕೆ ಸೊಯ್, ಬಂದು ಹೋಗುವುದಕ್ಕೆ ಎಸ್ತೊಯ್.
ನಮ್ಮಲ್ಲಿ ನಾನು ಸುಂಕಮ್ಮ ಅಂದರೆ ಸಾಕು,
ನಡುವೆ ಏನೂ ಬೇಡ, ಕಾಜಾ ಇಲ್ಲದ ಗುಂಡಿ ಇಲ್ಲದ ಸೆರಗಿನ ಹಾಗೆ.
ಸೊಯ್ ಸುಂಕಮ್ಮ. ಎಸ್ತೊಯ್ ಕಾನ್ಸಾದಾ: ದಣಿದಿದ್ದೇನೆ.
ಹದಿನಾಲ್ಕು ವರ್ಷದಿಂದ ದಣಿದವಳು
ಯಾವುದನ್ನು ಹಚ್ಚಬೇಕೆಂದು ಪಾಠ ಮೂರರಲ್ಲಿಲ್ಲ.
ಬಳ್ಳಾರಿಯ ಬಿಸಿಲು ಬಂದು ಹೋಗುವುದೆಂದು
ಯಾರಾದರೂ ಹೇಳಲಿ ನೋಡೋಣ.

ಮಾನ್ಯಾನಾ ಅಂದರೆ ಬೆಳಿಗ್ಗೆ, ಮಾನ್ಯಾನಾ ಅಂದರೆ ನಾಳೆಯೂ.
ಓವರ್‌ಟೈಮಿನ ರೊಕ್ಕ ಕೇಳಿದರೆ ಮಾಲೀಕರು ಹೇಳುವುದು ಎರಡನೆಯದು.

ಇಷ್ಟ ಎನ್ನುವಲ್ಲಿ ಮಾತ್ರ ಅವರು ನಮ್ಮವರೇ.
ಇಂಗ್ಲಿಷಿನಲ್ಲಿ ‘ನಾನು’ ಎಂದು ಎದ್ದು ನಿಂತು ಇಷ್ಟಪಡಬೇಕು.
ಇಲ್ಲಿ ಮೆ ಗುಸ್ತಾ: ನನಗೆ ಸೇರುತ್ತದೆ.
ಅದೇ ಬಂದು ಸೇರುತ್ತದೆ, ನಾನು ಸುಮ್ಮನೆ ಕೂತಿದ್ದರಾಯಿತು,
ಒಗ್ಗಾಣಿಯ ಪಕ್ಕ ಮಿರ್ಚಿ ಬಂದು ಕೂರುವ ಹಾಗೆ.
ಮೆ ದುಎಲೆ ಲಾ ಎಸ್ಪಾಲ್ದಾ. ನನಗೆ ಬೆನ್ನು ನೋಯುತ್ತದೆ.
ನೋಯುವುದು ಅಲ್ಲೂ ನನ್ನ ಕೆಲಸವಲ್ಲ, ಬೆನ್ನಿನದು.

ಕೋಸೊ, ಕೋಸೆಸ್, ಕೋಸೆ, ಕೊಸೇಮೊಸ್.
ಹೊಲಿಯುತ್ತೇನೆ, ಹೊಲಿಯುತ್ತೀ, ಹೊಲಿಯುತ್ತಾಳೆ, ಹೊಲಿಯುತ್ತೇವೆ.
ಕಾಲು ಪೆಡಲಿನ ಮೇಲೆ, ನಾಲಿಗೆ ಇದರ ಮೇಲೆ.
ಸಾಲಿನ ಇಪ್ಪತ್ತೆರಡು ಮಂದಿಗೂ ಒಂದು ಪದವಿದೆ, ನೊಸೋತ್ರಾಸ್,
ಹೆಂಗಸರೇ ಇರುವ ನಾವು. ಕನ್ನಡದಲ್ಲಿ ಇಂಥ ನಾವು ಇಲ್ಲ.
ಹೇಳಿಕೊಟ್ಟ ದಿನ ಎಲ್ಲರೂ ಎರಡೆರಡು ಸಲ ಅಂದರು.
ಅಷ್ಟರಲ್ಲಿ ಇಸ್ತ್ರಿಯ ಗಾದಿಲಿಂಗ ಚಹಾದ ಕೆಟಲ್ ಹಿಡಿದು ಬಂದ,
ಒಬ್ಬನೇ ಬಂದ,
ಇಡೀ ಶೆಡ್ಡು ನೊಸೋತ್ರೊಸ್ ಆಯಿತು.
“ಚಹಾ ಅಲ್ಲೇ ಇಟ್ಟು ಹೋಗಪ್ಪಾ” ಅಂದಳು ಮೈಮೂನಾ.
ಪಾಪ, ಏನು ಬಿದ್ದಿದೆಯೋ ಎಂದು ಕೆಟಲ್ಲಿನೊಳಗೆ ನೋಡಿದ.

ದಸರೆಗೆ ಮತ್ತೆ ಅದೇ ಆರ್ಡರು, ಅದೇ ಚೀಟಿ.
ಈ ಸಲ ಅಕ್ಷರ ಕೂಡಿಸಿದೆ, ನಿಧಾನ:
ಲಾವಾರ್ ಆಲ್ ರೆವೇಸ್.
ತಿರುವುಮುರುವು ಮಾಡಿ ಒಗೆಯಿರಿ.
ಅವತ್ತು ನಾನು ನಲವತ್ತು ಸಲ ತಿರುವುಮುರುವಾಗಿ ಹೊಲಿದದ್ದು
ಇದೇ ಮಾತನ್ನು.

ಮಿಶಿನ್ ನಿಲ್ಲಿಸಿ ನಕ್ಕೆ. ಸೂಪರ್‌ವೈಸರ್ ಬಂದ, ಏನು ಅಂದ.
ಹೇಳಲು ಬಾಯಿ ತೆರೆದೆ.
ಅವನಿಗೆ ಭಾಷೆ ಬರುವುದಿಲ್ಲ.