ಸಪ್ಪೆ ನೀರು

ಈರಿ ಸರೋವರದ ದಂಡೆಯಲ್ಲಿ ದೋಣಿ ಬಾಡಿಗೆಗೆ ಕೊಡುವ
ಇಡಾಲಿನಾ, ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುತ್ತ
ಎಲ್ಲರಿಗೂ ಹೇಳುವುದು ಒಂದೇ:
ದೀಪಸ್ತಂಭ ಕಾಣುವಷ್ಟೇ ದೂರ ಹೋಗಿ.
ಪರ್ಚ್ ಮೀನು ಸಿಕ್ಕರೆ ನಿಮ್ಮದು,
ಸಿಗದಿದ್ದರೂ ಗಂಟೆಗೆ ಇಪ್ಪತ್ತು ಡಾಲರ್.

ಮಕ್ಕಳು ಮರಳಲ್ಲಿ ಗುಂಡಿ ತೋಡುತ್ತಿವೆ.
ಕಟ್ಟೆಯ ಮೇಲೆ ಗಾಳ ಹಿಡಿದ ಗಂಡಸರು
ಬೆನ್ನು ಸುಟ್ಟುಕೊಂಡು, ಮಾತಿಲ್ಲದೆ, ಸುಖವಾಗಿ.

ಆಕೆಯ ಅಪ್ಪ ಅಜೋರ್ಸ್ ದ್ವೀಪದವನು.
ಬಂದ ಮೊದಲ ದಿನ ಬೊಗಸೆಯೆತ್ತಿ ಕುಡಿದು
ಥೂ ಎಂದು ಉಗಿದನಂತೆ:
"ಅಲೆಯುಂಟು, ಹಡಗುಂಟು, ಆಚೆ ದಡ ಕಾಣದು,
ಆದರೂ ಬಾವಿನೀರು!"
ಆಮೇಲೆ ಮೂವತ್ತೆಂಟು ವರ್ಷ
ಅದೇ ನೀರಲ್ಲಿ ಬಲೆ ಬೀಸಿದ,
ಅದರಲ್ಲೇ ಕಾಫಿ ಕಾಸಿದ.
ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತೇವೆ ನಾವು;
ಅವನು ನೀರು ಕುಡಿಕುಡಿದು ಉಪ್ಪಿಗೆ ಹಂಬಲಿಸಿದ.

ಅವನ ಹಳೆಯ ದೋಣಿಯೇ ನನ್ನ ಪಾಲಿಗೆ ಬಂತು.
ಸೀಟಿನಡಿ ತುಕ್ಕುಹಿಡಿದ ಡಬ್ಬಿ.
ಎರೆಹುಳು ಇರಬೇಕೆಂದು ತೆರೆದೆ.
ಕಲ್ಲುಪ್ಪು, ಗಟ್ಟಿ ಹೆಪ್ಪುಗಟ್ಟಿ,
ಒಂದು ಮೂಲೆಯಲ್ಲಿ ಬೆರಳು ಕೆರೆದ ಗುರುತು.

ದಡದಿಂದಲೇ ಕೂಗಿದಳು:
"ಮುಚ್ಚಿಡಿ ಅದನ್ನ. ತೇವ ತಗಲುತ್ತೆ."